ಬಾಗಲೂರಿನ ಕಂಪ್ಯೂಟರಿಗೆ ಹಾಕಿದ ಬೀಗ

ದೂರದಲ್ಲಿ ಕುಳಿತು ಇನ್ನೊಬ್ಬರ ಕಂಪ್ಯೂಟರ್ ನೋಡಿಕೊಳ್ಳುವುದು ನನ್ನ ಕಸುಬು. ಅಂಗಡಿ, ಗೋದಾಮು, ಕ್ಲಿನಿಕ್ಕು, ಸಣ್ಣ ಕಾರ್ಖಾನೆಗಳ ಕಂಪ್ಯೂಟರುಗಳು ಎಲ್ಲೆಲ್ಲೋ ಇರುತ್ತವೆ. ನಾನು ಗಂಗಾನಗರದ ಒಂದು ಬೇಕರಿಯ ಮೇಲಿನ ಮಹಡಿಯಲ್ಲಿ ಬನ್ನಿನ ವಾಸನೆ ಕುಡಿಯುತ್ತ ಕೂತಿರುತ್ತೇನೆ. ಅವರ ಪರದೆ ನನಗೆ ಕಾಣಬೇಕಾದರೆ ಮೊದಲು ಅವರ ಕಡೆ ಒಂದು ಪುಟ್ಟ ಚೌಕ ಮೂಡುತ್ತದೆ. ಇಂಥವರು ನಿಮ್ಮ ಪರದೆ ನೋಡಲು ಕೇಳುತ್ತಿದ್ದಾರೆ, ಒಪ್ಪಿಗೆಯೇ ಎಂದು ಅದು ವಿಚಾರಿಸುತ್ತದೆ. ಅಲ್ಲಿ ಕೂತವರು ಒಪ್ಪಿಗೆ ಒತ್ತಿದರೆ ಮಾತ್ರ ನಾನು ಒಳಗೆ. ಒತ್ತುವ ತನಕ ಸುಮ್ಮನೆ ಕಾಯಬೇಕು. ಇಷ್ಟು ವರ್ಷವಾದರೂ ಆ ಕಾಯುವ ಹೊತ್ತಿನಲ್ಲಿ ನನ್ನ ಎದೆ ಒಂದು ಚೂರು ಜೋರಾಗಿ ಬಡಿದುಕೊಳ್ಳುತ್ತದೆ. ಪಕ್ಕದ ಮೇಜಿನವರಿಗೆ ಅದು ಗೊತ್ತಿಲ್ಲ, ಗೊತ್ತಾಗಬೇಕಾಗಿಯೂ ಇಲ್ಲ.

ಬಾಗಲೂರಿನ ಹತ್ತಿರ ಹೂವಿನ ಕೋಲ್ಡ್ ಸ್ಟೋರೇಜ್ ಒಂದಿತ್ತು. ಸುತ್ತಲಿನ ತೋಟಗಳ ಗುಲಾಬಿ ಅಲ್ಲಿಗೆ ಬಂದು, ತಣ್ಣಗಿನ ಕೋಣೆಯಲ್ಲಿ ಇದ್ದು, ಪೆಟ್ಟಿಗೆ ಸೇರಿ ವಿಮಾನ ಹತ್ತುತ್ತಿತ್ತು. ಯಾವ ಪೆಟ್ಟಿಗೆ ಯಾವ ಗಾಡಿಗೆ ಎಂದು ನೋಡಿಕೊಳ್ಳುವ ಕೆಲಸದಲ್ಲಿ ಒಬ್ಬನಿದ್ದ. ಅವನ ಮೇಲೆ ನನಗೆ ಮನಸ್ಸಿತ್ತು. ಅವನಿಗೂ ಇತ್ತು. ಇದನ್ನು ಸುತ್ತಿ ಬಳಸಿ ಹೇಳುವುದೇಕೆ? ನಾವಿಬ್ಬರೂ ಅದನ್ನು ಬಾಯಿಬಿಟ್ಟು ಹೇಳಲಿಲ್ಲ ಎನ್ನುವುದಷ್ಟೇ ಕಥೆ. ಎದುರಿಗೆ ನಾನು ಅವನನ್ನು ಬಹುವಚನದಲ್ಲೇ ಮಾತಾಡಿಸಿದ್ದು, ಅವನು ನನ್ನನ್ನು ಮೇಡಂ ಎಂದದ್ದು. ಇಲ್ಲಿ ಬರೆಯುವಾಗಲಾದರೂ ಏಕವಚನದ ಸಲಿಗೆ ಇರಲಿ.

ನಾವು ಹೆಬ್ಬಾಳದ ಹಳೇ ಊರಿನವರು. ನಮ್ಮ ಅಪ್ಪ ಕೆರೆಯ ಕೆಳಗಿನ ತೋಟದಲ್ಲಿ ಸೊಪ್ಪು ಬೆಳೆದವರು. ತೋಟ ಹೋಗಿ ಮನೆಗಳಾದ ಮೇಲೆ ಬಾಡಿಗೆಯವರ ನಲ್ಲಿ ರಿಪೇರಿ ಮಾಡಿಸುವುದೇ ಅವರ ಬೇಸಾಯವಾಗಿತ್ತು. ನಾನು ಡಿಪ್ಲೊಮಾ ಮುಗಿಸಿ ಈ ಬೇಕರಿ ಮಹಡಿಯ ಪುಟ್ಟ ಕಂಪನಿ ಸೇರಿದಾಗ ಎಲ್ಲ ಕೆಲಸವೂ ಖುದ್ದಾಗಿ ಹೋಗಿ ಮಾಡುವಂಥದ್ದು. ಸ್ಕೂಟಿಯ ಮುಂದೆ ಬ್ಯಾಗು, ಬ್ಯಾಗಿನಲ್ಲಿ ಸ್ಕ್ರೂಡ್ರೈವರು, ಸಿ.ಡಿ.ಗಳು, ಧೂಳು ಹೊಡೆಯುವ ಬ್ರಷ್ಷು. ಒಂದು ದಿನ ಟಿ. ದಾಸರಹಳ್ಳಿ, ಇನ್ನೊಂದು ದಿನ ಯಲಹಂಕ. ಆಗ ಏರ್‌ಪೋರ್ಟ್ ರಸ್ತೆಯ ಮೇಲೆ ಇನ್ನೊಂದು ರಸ್ತೆ ಏಳುತ್ತಿತ್ತು. ಕಂಬಗಳ ನಡುವೆ ಧೂಳು ತಿನ್ನುತ್ತ ಬಾಗಲೂರು ಮುಟ್ಟುವ ಹೊತ್ತಿಗೆ ದುಪಟ್ಟಾದ ಬಣ್ಣ ಯಾವುದೆಂದು ನನಗೇ ಮರೆತುಹೋಗಿರುತ್ತಿತ್ತು.

ಕೋಲ್ಡ್ ಸ್ಟೋರೇಜಿನಿಂದ ಫೋನು ಬರುವುದು ಚಿಕ್ಕ ಚಿಕ್ಕ ಕಾರಣಗಳಿಗೆ. ಮೌಸ್ ಓಡುತ್ತಿಲ್ಲ. ಪರದೆ ಕಪ್ಪಾಗಿದೆ. ಒಂದು ಸಲ ಹೋಗಿ ನೋಡಿದರೆ ಹಿಂದಿನ ವೈರು ಪೂರ್ತಿ ಕಳಚಿ ನೆಲದ ಮೇಲೆ ಬಿದ್ದಿತ್ತು. ಹೇಗೆ ಎಂದು ಕೇಳಿದೆ.

"ಇಲಿ ಎಳ್ದಿರ್ಬೇಕು ಮೇಡಂ," ಎಂದ. "ಇಲ್ಲಿ ಇಲಿ ಕಾಟ ಜಾಸ್ತಿ ಐತೆ."

ವೈರಿನ ಮೇಲೆ ಹಲ್ಲಿನ ಗುರುತೇ ಇರಲಿಲ್ಲ. ನಾನು ಅದನ್ನು ಸಿಕ್ಕಿಸಿ, ಕಂಪ್ಯೂಟರ್ ಆನ್ ಮಾಡಿ, ಅವನು ತರಿಸಿದ ಟೀ ಕುಡಿದು ಎದ್ದೆ. ಹೊರಡುವಾಗ ಅವನು ಪೇಪರಿನಲ್ಲಿ ಸುತ್ತಿದ ಗುಲಾಬಿ ಕೊಟ್ಟ. ಕಾಂಡ ಸೊಟ್ಟಗಿದ್ದ, ವಿಮಾನ ಹತ್ತಲು ಲಾಯಕ್ಕಿಲ್ಲದ ಹೂವು. ಅಲ್ಲಿ ಬರುವ ಎಲ್ಲರಿಗೂ ಅದನ್ನು ಕೊಡುತ್ತಿದ್ದರು. ನನ್ನ ಪೊಟ್ಟಣ ಮಾತ್ರ ಸ್ವಲ್ಪ ದಪ್ಪಗಿರುತ್ತಿತ್ತು. ಅಮ್ಮ ಅವನ್ನು ದೇವರ ಪಟಗಳಿಗೆ ಹಂಚಿ, ಉಳಿದದ್ದನ್ನು ತನ್ನ ಮುಡಿಗೆ ಸಿಕ್ಕಿಸಿಕೊಳ್ಳುತ್ತಿದ್ದಳು. ಆ ಇಲಿಗೆ ಹೆಚ್ಚುಕಡಿಮೆ ತಿಂಗಳಿಗೊಂದು ಸಲ ಹಸಿವಾಗುತ್ತಿತ್ತು. ನಾನು ವೈರಿಗೆ ಒಂದು ಗಟ್ಟಿ ಕ್ಲಿಪ್ ಹಾಕಿ ಬರಬಹುದಿತ್ತು. ಬ್ಯಾಗಿನಲ್ಲಿ ಕ್ಲಿಪ್ಪೂ ಇತ್ತು.

ಹೀಗೆ ಚೆನ್ನಾಗಿಯೇ ನಡೆದಿತ್ತು. ಅಷ್ಟರಲ್ಲಿ ಯಶವಂತಪುರದ ನಮ್ಮ ಗಿರಾಕಿ, ಬೇಳೆಕಾಳಿನ ಹೋಲ್‌ಸೇಲ್ ವ್ಯಾಪಾರಿಯೊಬ್ಬರ ಅಂಗಡಿಯಲ್ಲಿ ಒಂದು ಬೆಳಿಗ್ಗೆ ಪರದೆಯ ಮೇಲಿನ ಬಾಣ ತಾನಾಗಿಯೇ ಓಡಾಡತೊಡಗಿತು. ಯಾರೂ ಮೌಸ್ ಮುಟ್ಟಿಲ್ಲ, ಬಾಣ ಮಾತ್ರ ಫೈಲುಗಳನ್ನು ತೆರೆಯುತ್ತಿದೆ. ಅವರು ಮೊದಲು ಮಾಡಿದ ಕೆಲಸವೆಂದರೆ ನಿಂಬೆಹಣ್ಣು ನಿವಾಳಿಸಿದ್ದು. ಎರಡನೆಯದು ನಮಗೆ ಫೋನು. ಹೋಗಿ ನೋಡಿದರೆ, ಯಾರೋ ಹಿಂದೆ ಹಾಕಿಹೋಗಿದ್ದ ತಂತ್ರಾಂಶದ ಮೂಲಕ ಹೊರಗಿನವನೊಬ್ಬ ಒಳಗೆ ನುಗ್ಗಿದ್ದ. ನುಗ್ಗುವುದಕ್ಕೆ ಕಷ್ಟವೇನೂ ಇರಲಿಲ್ಲ. ಅಂಗಡಿಯ ಎಲ್ಲ ಕಂಪ್ಯೂಟರಿಗೂ ಒಂದೇ ಪಾಸ್‌ವರ್ಡು, ಅದೂ ಅವರ ಮನೆದೇವರ ಹೆಸರು, ಅದೇ ಹೆಸರು ಅಂಗಡಿಯ ಬೋರ್ಡಿನ ಮೇಲೆ ದಪ್ಪಕ್ಷರದಲ್ಲಿ ಇತ್ತು.

ನಮ್ಮ ಬಾಸ್ ಆವತ್ತೇ ನಿರ್ಧಾರ ಮಾಡಿದರು. ಅವರೂ ಇಲ್ಲೇ ಗಂಗಾನಗರದಲ್ಲಿ ಹುಟ್ಟಿ ಬೆಳೆದವರು, ಅಂಗಡಿಯವರ ಜಾಯಮಾನ ಬಲ್ಲವರು. ಇನ್ನು ಮುಂದೆ ಎಲ್ಲ ಗಿರಾಕಿಗಳ ಕಂಪ್ಯೂಟರುಗಳನ್ನೂ ಇಲ್ಲಿಂದಲೇ ನೋಡಿಕೊಳ್ಳುವುದು, ಆದರೆ ಸರಿಯಾಗಿ ಭದ್ರ ಮಾಡಿದ ಮೇಲೆ. ಆ ಭದ್ರ ಮಾಡುವ ಕೆಲಸವನ್ನು ನನ್ನ ತಲೆಗೆ ಕಟ್ಟಿದರು. ನನಗೆ ಖುಷಿಯೇ ಆಯಿತು. ಕೆಲಸದಲ್ಲಿ ನಾನು ಹಟಮಾರಿ, ಅರ್ಧಂಬರ್ಧ ಎಂದರೆ ಆಗದು.

ಕಂಪ್ಯೂಟರುಗಳು ಒಂದೊಂದಾಗಿ ಬೇಕರಿಯ ಮೆಟ್ಟಿಲು ಹತ್ತಿ ನನ್ನ ಮೇಜಿಗೆ ಬಂದವು. ಹಳೆಯದನ್ನೆಲ್ಲ ಅಳಿಸಿ ಹೊಸದಾಗಿ ಕಟ್ಟಿದೆ. ಪ್ರತಿಯೊಬ್ಬರಿಗೂ ಅವರದೇ ಖಾತೆ, ಅವರದೇ ಪಾಸ್‌ವರ್ಡು. ಕಂಡ ತಂತ್ರಾಂಶವನ್ನೆಲ್ಲ ತಂದು ತುಂಬುವ ಅಧಿಕಾರ ಯಾರಿಗೂ ಇಲ್ಲ, ಮಾಲೀಕರಿಗೂ ಇಲ್ಲ. ಅದಕ್ಕಾಗಿ ಒಬ್ಬ ಮಾಲೀಕರು ನನ್ನ ಜೊತೆ ಮಾತು ಬಿಟ್ಟರು. ಡಿಸ್ಕಿಗೆ ಬೀಗ, ಕದ್ದೊಯ್ದರೂ ಒಳಗಿನದು ಓದಲಾಗದ ಹಾಗೆ. ಸ್ವಲ್ಪ ಹೊತ್ತು ಎದ್ದುಹೋದರೆ ಪರದೆ ತಾನೇ ಮುಚ್ಚಿಕೊಳ್ಳಬೇಕು. ನಾವು ಇಲ್ಲಿಂದ ಒಳಗೆ ಹೋಗಬೇಕಾದರೆ ಪಾಸ್‌ವರ್ಡ್ ಸಾಲದು, ಮೊಬೈಲಿಗೆ ಬರುವ ಸಂಖ್ಯೆಯೂ ಬೇಕು. ಒಪ್ಪಿಗೆ ಕೇಳುವ ಚೌಕ ನಾನೇ ಹಟ ಹಿಡಿದು ಸೇರಿಸಿದ್ದು. ಬೇಳೆ ಅಂಗಡಿಯವರ ಮುಖ ನನಗೆ ಮರೆತಿರಲಿಲ್ಲ. ಯಾರ ಪರದೆಯ ಬಾಣವೂ ಅವರಿಗೆ ಗೊತ್ತಿಲ್ಲದೆ ಅಲುಗಾಡಬಾರದು. ಅದರ ಜೊತೆಗೆ ಇನ್ನೊಂದು ನಿಯಮ: ನಮ್ಮ ಕಡೆಯವರು ಸಂಪರ್ಕ ತೆರೆದಿಟ್ಟು ಸುಮ್ಮನೆ ಕೂತರೆ, ಕೀಲಿಮಣೆ ಮುಟ್ಟದೆ ಕೆಲವು ನಿಮಿಷ ಕಳೆದರೆ, ಸಂಪರ್ಕ ತಾನಾಗಿ ಕಡಿದುಹೋಗಬೇಕು. ತೆರೆದ ಬಾಗಿಲು ಬಿಟ್ಟು ಟೀ ಕುಡಿಯಲು ಹೋಗುವವರು ನಮ್ಮಲ್ಲೇ ಇದ್ದರು.

ಅಮ್ಮ ಇದನ್ನೆಲ್ಲ ಕೇಳಿ, ಊರವರ ಕಂಪ್ಯೂಟರಿಗೆಲ್ಲ ಬೀಗ ಜಡಿಯುವವಳು ರಾತ್ರಿ ನಮ್ಮ ಮನೆ ಗೇಟು ಹಾಕಲು ಮಾತ್ರ ಮರೆಯುತ್ತಾಳೆ ಎಂದು ನೆಂಟರಿಗೆಲ್ಲ ಹೇಳಿಕೊಂಡು ಓಡಾಡಿದಳು.

ಬಾಗಲೂರಿನ ಕಂಪ್ಯೂಟರನ್ನು ತಿರುಗಿ ಕೊಡಲು ನಾನೇ ಹೋಗಿದ್ದೆ. ಪಾಸ್‌ವರ್ಡ್ ನೀವೇ ಇಟ್ಟುಕೊಳ್ಳಿ, ಯಾರಿಗೂ ಹೇಳಬೇಡಿ, ನನಗೂ ಹೇಳಬೇಡಿ ಎಂದು ಆ ಕಡೆ ತಿರುಗಿ ನಿಂತೆ. ಅವನು ಒಂದೊಂದೇ ಕೀಲಿ ಒತ್ತುವ ಸದ್ದು ಕೇಳುತ್ತಿತ್ತು. ವೈರಿಗೆ ಕ್ಲಿಪ್ ಹಾಕಿದೆ. ಈ ಸಲ ಹಾಕಲೇಬೇಕಿತ್ತು, ಕೆಲಸದ ಪಟ್ಟಿಯಲ್ಲಿ ಇತ್ತು. ಅವನು ಕ್ಲಿಪ್ಪನ್ನು ನೋಡಿದ, ನನ್ನನ್ನು ನೋಡಿದ.

ಅಲ್ಲಿಗೆ ಹೋಗುವುದು ನಿಂತುಹೋಯಿತು. ಎಷ್ಟು ಗಟ್ಟಿಯಾಗಿ ಕಟ್ಟಿದ್ದೆನೆಂದರೆ ಆ ಕಂಪ್ಯೂಟರಿಗೆ ಏನೂ ಆಗುತ್ತಲೇ ಇರಲಿಲ್ಲ. ಮೇಲಿನ ರಸ್ತೆ ಮುಗಿದು, ಧೂಳಿಲ್ಲದೆ ಸುಯ್ಯನೆ ಬಾಗಲೂರು ಕಡೆ ಹೋಗಬಹುದಾದ ಕಾಲ ಬಂದಾಗ ನನಗೆ ಆ ಕಡೆ ಕೆಲಸವೇ ಇರಲಿಲ್ಲ. ಬೆಳಿಗ್ಗೆ ಬಂದು ಕೂತರೆ ನನ್ನ ಪಟ್ಟಿಯಲ್ಲಿ ಅವನ ಕಂಪ್ಯೂಟರಿನ ಹೆಸರಿನ ಮುಂದೆ ಹಸಿರು ಚುಕ್ಕೆ. ಬಂದಿದ್ದಾನೆ. ಸಂಜೆ ಚುಕ್ಕೆ ಬೂದಿಯ ಬಣ್ಣ. ಹೋದ. ನನ್ನ ಕೆಲಸದ ಬಗ್ಗೆ ನನಗಿದ್ದ ಹೆಮ್ಮೆಯೇ ನನಗೆ ಉರಿಯುವಂತಾಯಿತು.

ಆದರೂ ಪ್ರಿಂಟರ್ ಎಂಬುದೊಂದು ಈ ಲೋಕದಲ್ಲಿದೆ, ಅದು ಯಾವ ನಿಯಮಕ್ಕೂ ಬಗ್ಗುವುದಿಲ್ಲ. ಅದು ಕೈಕೊಟ್ಟಾಗ ಅವನು ಫೋನು ಮಾಡುವುದು, ನಾನು ಚೌಕ ಕಳಿಸುವುದು, ಅವನು ಒಪ್ಪಿಗೆ ಒತ್ತುವುದು. ಕೋಲ್ಡ್ ಸ್ಟೋರೇಜಿನ ಕಂಪ್ರೆಸರ್ ಓಡುವಾಗ ಫೋನಿನ ಮಾತು ಸರಿಯಾಗಿ ಕೇಳಿಸುತ್ತಿರಲಿಲ್ಲ. ಅದಕ್ಕೆ ನಾನು ಅವನ ಪರದೆಯ ಮೇಲೆ ನೋಟ್‌ಪ್ಯಾಡ್ ತೆರೆದು, ಈಗ ಅದನ್ನು ಒತ್ತಿ, ಇದನ್ನು ತೆಗೆಯಿರಿ ಎಂದು ಇಂಗ್ಲಿಷ್ ಅಕ್ಷರದ ಕನ್ನಡದಲ್ಲಿ ಬರೆಯುತ್ತಿದ್ದೆ. ಅವನು ಅದರ ಕೆಳಗೆ ಉತ್ತರ ಬರೆಯುತ್ತಿದ್ದ. ಒಂದು ದಿನ ಪ್ರಿಂಟರ್ ಸರಿಯಾದ ಮೇಲೆ, ನಿಮ್ಮ ಇಲಿ ಹೇಗಿದೆ ಎಂದು ಬರೆದೆ. ಆಮೇಲೆ ಒಂದೊಂದೇ ಅಕ್ಷರ ಮೂಡಿತು. ಉಪವಾಸ.

ನಾನು ಜೋರಾಗಿ ನಕ್ಕುಬಿಟ್ಟೆ. ಪಕ್ಕದ ಮೇಜಿನವರು ಏನೆಂದು ಕೇಳಿದರು. ಪ್ರಿಂಟರ್ ಎಂದೆ.

ಅಲ್ಲಿಂದ ಅದೊಂದು ರೂಢಿಯಾಯಿತು. ಕೆಲಸ ಮುಗಿದ ಮೇಲೆ ನಾಲ್ಕು ಸಾಲು. ಊಟ ಆಯಿತೇ, ಆ ಕಡೆ ಮಳೆಯೇ, ನಿಮ್ಮಮ್ಮನ ಮಂಡಿನೋವು ಹೇಗಿದೆ. ಅಷ್ಟೇ, ಅದಕ್ಕಿಂತ ಹೆಚ್ಚಿನದು ಏನೂ ಇಲ್ಲ. ಮುಗಿದಾಗ ನಾನು ನೋಟ್‌ಪ್ಯಾಡ್ ಮುಚ್ಚುತ್ತಿದ್ದೆ. ಇದನ್ನು ಉಳಿಸಬೇಕೇ ಎಂದು ಅದು ಪ್ರತಿಸಲವೂ ಕೇಳುತ್ತಿತ್ತು. ಬೇಡ ಎಂದು ಒತ್ತುತ್ತಿದ್ದೆ. ಗಿರಾಕಿಯ ಕಂಪ್ಯೂಟರಿನಲ್ಲಿ ನಮ್ಮದೇನನ್ನೂ ಬಿಟ್ಟುಬರಬಾರದು ಎಂಬುದೂ ನಮ್ಮ ನಿಯಮಗಳಲ್ಲೊಂದು. ಇವತ್ತು ಅದರಲ್ಲಿ ಒಂದು ಸಾಲಾದರೂ ನನ್ನ ಬಳಿ ಇಲ್ಲ. ಎಷ್ಟು ಸಲ ಹುಡುಕಬೇಕೆನಿಸಿದೆ, ಹುಡುಕಲು ಜಾಗವೇ ಇಲ್ಲ.

ನಡುವೆ ಒಂದು ಆಯುಧಪೂಜೆ ಬಂತು. ಅದಕ್ಕೂ ಸ್ವಲ್ಪ ಮುಂಚೆ ಬಾಸ್ ಎಲ್ಲಿಯೋ ಓದಿ ಹೊಸ ನಿಯಮ ತಂದಿದ್ದರು. ಯಾವುದೇ ಕಂಪ್ಯೂಟರ್ ಬಹಳ ಹೊತ್ತು ನಮ್ಮ ಕಣ್ಣಿಗೆ ಬೀಳದಿದ್ದರೆ ಅದು ಕಳವಾಗಿದೆ ಎಂದು ಲೆಕ್ಕ. ಮತ್ತೆ ಆನ್ ಮಾಡಿದ ತಕ್ಷಣ ತಾನೇ ಬೀಗ ಹಾಕಿಕೊಳ್ಳಬೇಕು. ಬಿಡಿಸುವುದಕ್ಕೆ ಫೋನಿನಲ್ಲಿ ಸಂಖ್ಯೆ ಹೇಳುವಂತಿಲ್ಲ, ಫೋನಿನ ಆ ಕಡೆ ಕಳ್ಳನೇ ಇರಬಹುದು; ನಮ್ಮವರೊಬ್ಬರು ಖುದ್ದಾಗಿ ಹೋಗಬೇಕು. ಭಾನುವಾರದ ರಜೆ ದಾಟುವಷ್ಟು ಗಡುವು ಕೊಟ್ಟಿದ್ದರು. ಎಲ್ಲರೂ ತಲೆಯಾಡಿಸಿದೆವು.

ಆಯುಧಪೂಜೆಯ ದಿನ ಯಂತ್ರಗಳಿಗೆ ಪೂಜೆ ಮಾಡಿ ಆರಿಸಿದ ಮೇಲೆ ವಿಜಯದಶಮಿ ಕಳೆಯುವ ತನಕ ನಮ್ಮ ಕಡೆ ಯಾರೂ ಮುಟ್ಟುವುದಿಲ್ಲ. ಆ ವರ್ಷ ಅದಕ್ಕೆ ಭಾನುವಾರವೂ ಅಂಟಿಕೊಂಡಿತ್ತು. ನಮ್ಮ ಕಚೇರಿಯಲ್ಲೂ ಅದೇ ಪೂಜೆ ನಡೆದಿತ್ತು. ಬಾಸ್ ತಮ್ಮ ಕೈಯಾರೆ ಬೂದುಗುಂಬಳ ಒಡೆದಿದ್ದರು, ನಾನು ಎಲ್ಲ ಕಂಪ್ಯೂಟರಿಗೂ ಕುಂಕುಮ ಇಟ್ಟು, ಎಲ್ಲರಿಗೂ ಕಡ್ಲೆಪುರಿ ಹಂಚಿದ್ದೆ. ಇಷ್ಟೆಲ್ಲ ಮಾಡಿದ ನಮ್ಮಲ್ಲಿ ಒಬ್ಬರಿಗಾದರೂ ಆ ಗಡುವು ನೆನಪಾಗಲಿಲ್ಲ. ಬೇರೆ ದೇಶದವರಾದರೆ ತಿಳಿಯದೆ ಮಾಡಿದರು ಎನ್ನಬಹುದು. ಹಬ್ಬ ಕಳೆದು ಬಾಗಿಲು ತೆರೆದ ಬೆಳಿಗ್ಗೆ ಹೆಬ್ಬಾಳದಿಂದ ದಾಸರಹಳ್ಳಿಯ ತನಕ ನಮ್ಮ ಅಷ್ಟೂ ಗಿರಾಕಿಗಳ ಕಂಪ್ಯೂಟರುಗಳು, ಹಣೆಗೆ ಕುಂಕುಮ ಇಟ್ಟುಕೊಂಡು, ತಮ್ಮನ್ನು ಯಾರೋ ಕದ್ದಿದ್ದಾರೆಂದು ಬೀಗ ಹಾಕಿಕೊಂಡು ಕೂತಿದ್ದವು.

ಬಾಸ್ ತಲೆಯ ಮೇಲೆ ಕೈ ಹೊತ್ತರು. ಫೋನುಗಳು ಹೊಡೆದುಕೊಳ್ಳುತ್ತಿದ್ದವು. ಯಾರು ಯಾವ ಕಡೆ ಎಂದು ಹಂಚಿಕೊಳ್ಳುವಾಗ, ಬಾಗಲೂರು ದೂರ, ಅದನ್ನು ನಾನು ನೋಡಿಕೊಳ್ಳುತ್ತೇನೆ ಎಂದೆ. ನನ್ನ ತ್ಯಾಗಬುದ್ಧಿಯನ್ನು ಎಲ್ಲರೂ ಮೆಚ್ಚಿದರು.

ಅಲ್ಲಿ ಗಾಡಿ ನಿಂತಿತ್ತು, ಪೆಟ್ಟಿಗೆಗಳು ನಿಂತಿದ್ದವು, ಮಾಲೀಕರು ನಿಂತಲ್ಲಿ ನಿಲ್ಲುತ್ತಿರಲಿಲ್ಲ. ನಾನು ಹೋದೊಡನೆ ಕೂತು ಉದ್ದನೆಯ ಸಂಖ್ಯೆ ಹೊಡೆದು ಬೀಗ ತೆಗೆದೆ. ಮಾಲೀಕರು ಉಸಿರು ಬಿಟ್ಟು ಗಾಡಿಯ ಕಡೆ ಓಡಿದರು. ಪರದೆಯ ಅಂಚಿನಲ್ಲಿ ಕುಂಕುಮದ ಬೊಟ್ಟು, ಮೇಲೆ ಬಾಡಿದ ಗುಲಾಬಿ. ಈ ಸಲದ್ದು ಸೊಟ್ಟ ಕಾಂಡದ ಹೂವಾಗಿರಲಿಲ್ಲ. ಅವನು ಪ್ಲಾಸ್ಟಿಕ್ ಕವರಿನಲ್ಲಿ ಕಡ್ಲೆಪುರಿ, ಸಿಹಿ ತಂದು ನನ್ನ ಮುಂದಿಟ್ಟ. ಪೂಜೆಯ ದಿನವೇ ಎತ್ತಿಟ್ಟಿದ್ದನಂತೆ.

"ಈ ಸಲ ಇಲಿ ಅಲ್ಲ ಮೇಡಂ," ಎಂದ. "ನೀವೇ."

ಕುರ್ಚಿಯ ಪಕ್ಕ ನಿಂತಿದ್ದ. ತಣ್ಣನೆಯ ಕೋಣೆಯ ಬಾಗಿಲು ತೆರೆದಾಗೆಲ್ಲ ಹೂವಿನ ವಾಸನೆಯ ಗಾಳಿ ಇಬ್ಬರ ಮೇಲೂ ಹಾದುಹೋಗುತ್ತಿತ್ತು. ಕೇಳುವ ದೂರದಲ್ಲಿ ಯಾರೂ ಇರಲಿಲ್ಲ. ಹೇಳುವುದಾದರೆ ಆಗಲೇ ಹೇಳಬೇಕಿತ್ತು, ಇಬ್ಬರಿಗೂ ಅದು ಗೊತ್ತಿತ್ತು. ಅವನು ಮುಂದಿನ ವರ್ಷವೂ ಹೀಗೆಯೇ ಬೀಗ ಬೀಳುವ ಹಾಗೆ ಇಡುತ್ತೀರಾ ಎಂದು ಕೇಳಿದ. ನಾನು ಕಡ್ಲೆಪುರಿ ಬಾಯಿಗೆ ಹಾಕಿಕೊಂಡು ನಕ್ಕೆ. ಅಷ್ಟರಲ್ಲಿ ಗಾಡಿಯವನು ಅವನನ್ನು ಕೂಗಿದ.

ಕಚೇರಿಗೆ ಬಂದು ಆ ನಿಯಮಕ್ಕೆ ಹಬ್ಬದ ದಿನಗಳನ್ನು ಸೇರಿಸಿ ಸರಿಮಾಡಿದೆ. ಮತ್ತೆಂದೂ ಹಬ್ಬಕ್ಕೆ ಬೀಗ ಬೀಳಲಿಲ್ಲ. ಕೆಲಸ ಎಂದರೆ ಕೆಲಸ, ನನಗೆ ಬೇರೆ ಥರ ಬರುವುದಿಲ್ಲ.

ಮುಂದಿನ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಅವನ ಫೋನು ಬಂತು, ಪ್ರಿಂಟರ್ ಎಂದ. ಚೌಕ ಕಳಿಸಿದೆ, ಒತ್ತಿದ. ಪ್ರಿಂಟರ್ ಚೆನ್ನಾಗಿಯೇ ಇತ್ತು. ನೋಟ್‌ಪ್ಯಾಡನ್ನು ಈ ಸಲ ಅವನೇ ತೆರೆದಿಟ್ಟಿದ್ದ. ನಾನು ನೋಡುತ್ತಿದ್ದಂತೆ ಅಕ್ಷರಗಳು ಮೂಡಿದವು.

"ಒಸೂರಲ್ಲಿ ದೊಡ್ ತೋಟದಲ್ಲಿ ಕೆಲ್ಸ ಸಿಕ್ಕೈತೆ. ಬರ್ತೀನೋ ಇಲ್ವೋ ಅಂತ ನಾಳೆ ಅವ್ರಿಗೆ ಏಳ್ಬೇಕು. ನೀವು ಇರಿ ಅಂದ್ರೆ ಇಲ್ಲೇ ಇರ್ತೀನಿ."

ಕೆಳಗಿನ ಸಾಲಿನಲ್ಲಿ ಗೆರೆ ಮಿನುಗುತ್ತ ನಿಂತಿತು, ನನಗಾಗಿ.

ಕೀಲಿಮಣೆಯಿಂದ ಕೈ ತೆಗೆದು ಮಡಿಲಲ್ಲಿ ಇಟ್ಟುಕೊಂಡೆ. ಇರಿ ಎನ್ನಬೇಕೆಂದು ಎದೆಯಲ್ಲಿ ಇದ್ದದ್ದು ನಿಜ. ಅದನ್ನು ಹೇಳಿದರೆ ಆಮೇಲೆ ಅಪ್ಪನಿಗೆ ಹೇಳಬೇಕು, ಅವನು ಯಾರ ಮನೆಯವನು ಎಂದು ಅಪ್ಪ ಕೇಳುತ್ತಾರೆ, ಮನೆಯಲ್ಲಿ ಏನೇನಾಗುತ್ತದೆ ಎಂದೆಲ್ಲ ಒಂದರ ಹಿಂದೊಂದು ಬಂತು. ಬಂದದ್ದಕ್ಕೆಲ್ಲ ನಾನೇ ಒಂದೊಂದಾಗಿ ಉತ್ತರ ಕೊಟ್ಟುಕೊಂಡೆ. ಆಗಲಿ, ನೋಡಿಕೊಳ್ಳೋಣ ಎಂದು ಗಟ್ಟಿಮಾಡಿಕೊಂಡು ಕೈ ಎತ್ತಿದೆ. ಪರದೆ ಖಾಲಿಯಾಗಿತ್ತು. ಕೀಲಿಮಣೆ ಮುಟ್ಟದೆ ನನ್ನ ನಿಮಿಷಗಳು ಮುಗಿದಿದ್ದವು. ಸಂಪರ್ಕ ತಾನಾಗಿ ಕಡಿದುಹೋಗಿತ್ತು.

ಹಾಗೆ ಕಡಿದಾಗ ಆ ಕಡೆ ಏನು ಕಾಣುತ್ತದೆ ಎಂದು ನನಗೆ ಬಾಯಿಪಾಠ. ಕಾರಣ ಏನೇ ಇರಲಿ, ಅಲ್ಲಿ ಬರುವುದು ಒಂದೇ ಸಾಲು: ತಂತ್ರಜ್ಞರು ಸಂಪರ್ಕ ಮುಗಿಸಿದ್ದಾರೆ.

ಮತ್ತೆ ಚೌಕ ಕಳಿಸಿದೆ. ಯಾರೂ ಒತ್ತಲಿಲ್ಲ. ಮತ್ತೆ ಕಳಿಸಿದೆ. ಫೋನು ಮಾಡಿದೆ, ಎತ್ತಿದ, ಹಿಂದೆ ಗಾಡಿಯ ಹಾರನ್ನು. ಅದು ತಾನಾಗೇ ಕಟ್ ಆಯಿತು, ನಾನು ಮಾಡಿದ್ದಲ್ಲ ಎಂದೆ.

"ಅಂಗಾದ್ರೆ ಏನ್ ಬರೀತಿದ್ರಿ ಮೇಡಂ?"

ನನ್ನ ಎಡಕ್ಕೆ ಬಾಸ್, ಬಲಕ್ಕೆ ಪಕ್ಕದ ಮೇಜಿನವರು, ಎದುರಿಗೆ ಬನ್ನು ತಂದ ಬೇಕರಿಯವರು. ಎಲ್ಲರೂ ಸುಮ್ಮನಾದ ಹೊತ್ತು.

"ಆಮೇಲೆ ಹೇಳ್ತೀನಿ," ಎಂದೆ.

ಆಗಲಿ ಎಂದ.

ಸಂಜೆ ಮನೆಯ ತಾರಸಿಯ ಮೇಲೆ ಮೊಬೈಲು ಹಿಡಿದು ನಿಂತಿದ್ದೆ. ಮಾಡಬಹುದಿತ್ತು. ಆದರೆ ಅವನು ಎಲ್ಲಿ ಕೇಳಿದನೋ ಅಲ್ಲೇ, ಅದರ ಕೆಳಗಿನ ಸಾಲಿನಲ್ಲೇ ಬರೆಯಬೇಕು ಎಂಬ ಹಟ. ಅವನು ಕೂತು ಅದು ಒಂದೊಂದೇ ಅಕ್ಷರವಾಗಿ ಮೂಡುವುದನ್ನು ನೋಡಬೇಕು ಎಂಬ ಆಸೆ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಕಚೇರಿಗೆ ಹೋದೆ. ಹಸಿರು ಚುಕ್ಕೆ ಮೂಡುವುದನ್ನೇ ಕಾದೆ. ಮೂಡಿತು. ಚೌಕ ಕಳಿಸಿದೆ. ತಕ್ಷಣ ಒಪ್ಪಿಗೆ ಸಿಕ್ಕಿತು.

ಹಿಂದಿನ ಸಂಜೆ ಅವನು ಕಂಪ್ಯೂಟರನ್ನು ಪೂರ್ತಿ ಆರಿಸದೆ ನಿದ್ದೆಗೆ ಕಳಿಸಿ ಹೋಗಿರಬೇಕು, ನೋಟ್‌ಪ್ಯಾಡ್ ಹಾಗೆಯೇ ಇತ್ತು. ಅವನ ಸಾಲು, ಕೆಳಗೆ ಮಿನುಗುವ ಗೆರೆ. ನಾನು ಕೀಲಿಮಣೆಯ ಮೇಲೆ ಕೈ ಇಟ್ಟೆ. ಅಷ್ಟರಲ್ಲಿ ನನ್ನ ಮೇಜಿನ ಫೋನು ಹೊಡೆದುಕೊಂಡಿತು. ಆ ಕಡೆ ಮಾಲೀಕರು.

"ಒಳ್ಳೇ ಟೈಮಿಗೆ ಬಂದ್ಯಮ್ಮ. ಪ್ರಿಂಟ್ ಬರ್ತಿಲ್ಲ, ನೋಡು. ಅವ್ನು ಬೆಳಿಗ್ಗೆ ಮೊದಲ ಬಸ್ಸಿಗೇ ಒಸೂರಿಗೆ ಓದ. ಅಲ್ಲಿ ಕೆಲ್ಸ ಒಪ್ಕೊಂಬಿಡ್ತೀನಿ ಅಂದ. ಪಾಸ್‌ವರ್ಡ್ ಚೀಟೀಲಿ ಬರ್ದು ನನ್ ಕೈಗೆ ಕೊಟ್ಟೋದ."

ಯಾರಿಗೂ ಹೇಳಬೇಡಿ, ನನಗೂ ಹೇಳಬೇಡಿ ಎಂದಿದ್ದೆ. ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ. ಅದನ್ನು ಬರೆದು ಕೊಟ್ಟಿದ್ದಾನೆಂದರೆ ಅವನು ಇನ್ನು ಆ ಕುರ್ಚಿಗೆ ಬರುವುದಿಲ್ಲ.

ಪರದೆಯ ಮುಂದೆ ಈಗ ಮಾಲೀಕರು ಕೂತಿದ್ದರು. ಕನ್ನಡಕ ಹುಡುಕುತ್ತಿದ್ದರೆಂದು ಕಾಣುತ್ತದೆ, ಮೇಜಿನ ಮೇಲೆ ಕೈಯಾಡಿಸುವ ಸದ್ದು ಬರುತ್ತಿತ್ತು. ಇಲ್ಲೇನೋ ಬರೆದಿದೆಯಲ್ಲಮ್ಮ, ಏನದು ಎಂದರು. ಹಳೇದು ಸಾರ್, ತೆಗೆಯುತ್ತೇನೆ ಎಂದೆ. ಮುಚ್ಚಲು ಹೋದರೆ, ಇದನ್ನು ಉಳಿಸಬೇಕೇ ಎಂದು ಅದು ಎಂದಿನಂತೆ ಕೇಳಿತು. ಅವರಿಗೆ ಕನ್ನಡಕ ಸಿಕ್ಕುವ ಮೊದಲು ನಾನು ಎಂದಿನದನ್ನೇ ಒತ್ತಿದೆ. ಆಮೇಲೆ ಅವರ ಪ್ರಿಂಟರ್ ಸರಿಮಾಡಿಕೊಟ್ಟೆ.